ಗೋದಾಮಿನ ಸುರಕ್ಷತೆ ಯಾರ ಹೊಣೆ?

ಚಾಮರಾಜನಗರ ತಾಲ್ಲೂಕಿನ ಉಡಿಗಾಲದಂಥ ಊರುಗಳಿಗೆ ಮೂಟೆ ಹೊಸತಲ್ಲ. ಅರಿಸಿನ ಬೆಳೆಯುವ ಈ ಸೀಮೆಯ ವ್ಯಾಪಾರ ನಿಂತದ್ದೇ ಹಮಾಲರ ಬೆನ್ನಿನ ಮೇಲೆ. ಈಗ ನಂಜನಗೂಡು ಮತ್ತು ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಗಳು ಇಲ್ಲಿನ ಯುವಕರಿಗೆ ಬೇರೊಂದು ಬಗೆಯ ದುಡಿಮೆಯನ್ನು ತೋರಿಸುತ್ತಿವೆ. ಭಾರ ಎತ್ತುವ ಕೆಲಸವನ್ನು ಫೋರ್ಕ್‌ಲಿಫ್ಟ್ ವಹಿಸಿಕೊಂಡರೆ ಬೆನ್ನು ಉಳಿಯುತ್ತದೆ, ನಿಜ. ಆದರೆ ಜೀವ?

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಮೂಟೆಗಳಡಿ ಸಿಲುಕಿ ಬಿಹಾರದ ಏಳು ಕಾರ್ಮಿಕರು ಸತ್ತರು. ಅಲ್ಲಿ ಕೊಂದದ್ದು ಫೋರ್ಕ್‌ಲಿಫ್ಟ್ ಅಲ್ಲ. ಆದರೆ ಎತ್ತರಕ್ಕೇರಿದ ಭಾರದ ಕೆಳಗೆ ಮನುಷ್ಯರು ದುಡಿಯುವ ಕಡೆಯಲ್ಲೆಲ್ಲ ಅಪಾಯದ ಸ್ವರೂಪ ಒಂದೇ.

ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಗಾಲಿಗಳಿಂದ. ತಿರುವಿನಲ್ಲಿ ಅದರ ಹಿಂಭಾಗ ಹೊರಕ್ಕೆ ಬೀಸಿ, ಪಕ್ಕದಲ್ಲಿದ್ದವನನ್ನು ಗೋಡೆಗೆ ಒತ್ತಬಲ್ಲದು. ಭಾರವನ್ನು ಮೇಲೆತ್ತಿಕೊಂಡೇ ವೇಗವಾಗಿ ತಿರುಗಿದರೆ ಅದು ಮಗುಚಬಹುದು. ಆಗ ಹೊರಕ್ಕೆ ಜಿಗಿದ ಚಾಲಕನೇ ಅದರಡಿ ಸಿಲುಕುವ ಸಂಭವ ಹೆಚ್ಚು. ಬೆಲ್ಟ್ ಕಟ್ಟಿಕೊಂಡು ಒಳಗೇ ಕುಳಿತವನು ಬದುಕುಳಿಯುವ ಸಾಧ್ಯತೆ ಅಧಿಕ. ಟ್ರ್ಯಾಕ್ಟರ್ ಓಡಿಸಬಲ್ಲವನಿಗೆ ಇದೆಲ್ಲ ತಾನಾಗಿ ತಿಳಿಯದು. ಅಮೆರಿಕವು 1998ರಲ್ಲಿ ರೂಪಿಸಿದ ನಿಯಮದಂತೆ ಚಾಲಕನಿಗೆ ತರಬೇತಿ ಕಡ್ಡಾಯ. ಮೂರು ವರ್ಷಕ್ಕೊಮ್ಮೆಯಾದರೂ ಅವನ ಸಾಮರ್ಥ್ಯವನ್ನು ಮತ್ತೆ ಪರೀಕ್ಷಿಸಬೇಕು.

ನಮ್ಮಲ್ಲಿ 1948ರ ಕಾರ್ಖಾನೆಗಳ ಕಾಯ್ದೆ ಉತ್ಪಾದನೆ ನಡೆಯುವ ಸ್ಥಳವನ್ನಷ್ಟೇ ಮುಖ್ಯವಾಗಿ ಕಂಡಿತು. ಸರಕು ಇಡುವ ಸಾಮಾನ್ಯ ಗೋದಾಮು ಅದರ ಕಣ್ಣಿಗೆ ಬೀಳಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ವ್ಯಾಪಾರ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಇದು ಸ್ವಾಗತಾರ್ಹ. ಆದರೆ ಅದೇ ಸಂಹಿತೆ ಗುತ್ತಿಗೆ ಕಾರ್ಮಿಕರ ಕುರಿತ ನಿಬಂಧನೆಗಳ ಮಿತಿಯನ್ನು 20ರಿಂದ 50ಕ್ಕೆ ಏರಿಸಿದೆ. ಗೋದಾಮುಗಳಲ್ಲಿ ಸಣ್ಣಪುಟ್ಟ ಗುತ್ತಿಗೆದಾರರ ಮೂಲಕವೇ ಹೆಚ್ಚಿನ ಕೆಲಸ ನಡೆಯುವುದರಿಂದ, ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತಾಗಿದೆ ಎಂದೇ ನನ್ನ ಭಾವನೆ.

ಪರಿಹಾರ ದುಬಾರಿಯೇನಲ್ಲ. ಯಂತ್ರದ ದಾರಿ ಬೇರೆ, ಕಾಲ್ನಡಿಗೆಯ ದಾರಿ ಬೇರೆ ಎಂದು ನೆಲದ ಮೇಲೆ ಗೆರೆ ಎಳೆಯಲು ಬೇಕಾದುದು ಒಂದು ಡಬ್ಬ ಬಣ್ಣ. ಸಮೀಪದ ಐಟಿಐಗಳಲ್ಲಿ ಅಲ್ಪಾವಧಿ ತರಬೇತಿ ನೀಡಿ, ಪ್ರಮಾಣಪತ್ರವಿಲ್ಲದವರಿಗೆ ಕೀಲಿ ಕೊಡಬಾರದೆಂಬ ನಿಯಮವನ್ನು ರಾಜ್ಯ ಸರ್ಕಾರ ಮಾಡಲಿ. ಅಪಘಾತವಾದ ಮೇಲೆ ಘೋಷಿಸುವ ಪರಿಹಾರಧನಕ್ಕಿಂತ, ಆಗುವ ಮುನ್ನ ಬರುವ ಒಬ್ಬ ತನಿಖಾಧಿಕಾರಿ ಕಾರ್ಮಿಕನ ಕುಟುಂಬಕ್ಕೆ ಹೆಚ್ಚು ಬೆಲೆಯುಳ್ಳವನು.