ಅನ್ನದ ಜೊತೆಗೆ ಪಾಲನ್ನೂ ಕೊಡೋಣ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ನನ್ನ ಜನರೇ,

ಒಂದು ತಪ್ಪೊಪ್ಪಿಗೆಯಿಂದಲೇ ಈ ಮನವಿಯನ್ನು ಶುರು ಮಾಡುತ್ತೇನೆ.

ಹಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಹಳ್ಳಿಯಲ್ಲಿ, ಪರಿಚಯದ ಮನೆಯೊಂದರ ಹಿಸ್ಸಾಕ್ಕೆ ನನ್ನನ್ನು ಕರೆದಿದ್ದರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು, ಹಿರಿಯರು ಸೇರಿದ್ದರು. ಹೊಲ ಯಾವ ಬದುವಿನ ತನಕ, ಮನೆ ಯಾರಿಗೆ, ಬಾವಿಯ ನೀರಿನ ಸರದಿ ಹೇಗೆ, ಎತ್ತು ಯಾರ ಪಾಲಿಗೆ ಎಂಬುದೆಲ್ಲ ಸಂಜೆಯೊಳಗೆ ತೀರ್ಮಾನವಾಯಿತು. ಆ ಮನೆಯ ಗಂಡುಮಕ್ಕಳೆಂದು ಊರು ಎಣಿಸುತ್ತಿದ್ದದ್ದು ಮೂವರನ್ನು. ಕಾಗದದಲ್ಲಿ ಇದ್ದದ್ದು ಎರಡೇ ಹೆಸರು. ಮೂರನೆಯವಳು ಹರೆಯಕ್ಕೆ ಬಂದಾಗ ತಾನು ಹೆಣ್ಣು ಎಂದು ಹೇಳಿ, ಹೊಡೆತ ತಿಂದು, ಒಂದು ರಾತ್ರಿ ಮನೆ ಬಿಟ್ಟಿದ್ದಳು. ಯಾರೋ ಮೆಲ್ಲಗೆ ಆ ಮಾತು ಎತ್ತಿದರು. ಹಿರಿಯರೊಬ್ಬರು, "ಅವಂದೇನ್ ತಗೀತೀರಿ ಈಗ? ಬಂದ್ರ ಒಂದು ತುತ್ತು ಅನ್ನ ಹಾಕ್ರಿ, ಇಲ್ಲ ಅನಬ್ಯಾಡ್ರಿ. ಅಷ್ಟು ಸಾಕು" ಅಂದರು. ಕೂತವರಿಗೆಲ್ಲ ಅದು ದೊಡ್ಡ ಮನಸ್ಸಿನ ಮಾತಾಗಿ ಕೇಳಿಸಿತು. ನನಗೂ ಹಾಗೆಯೇ ಕೇಳಿಸಿತು. ಸಾಕ್ಷಿ ಎಂದು ಬರೆದಿದ್ದ ಜಾಗದಲ್ಲಿ ನಾನು ಸಹಿ ಹಾಕಿದೆ.

ಆ ಹಿರಿಯರ ಮಾತು ಎಷ್ಟು ಹಳೆಯದೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಶಹಾಬಾದ್ ಬಳಿಯ ಮರತೂರು ವಿಜ್ಞಾನೇಶ್ವರನ ಊರೆಂದು ನಾವೆಲ್ಲ ಹೆಮ್ಮೆ ಪಡುತ್ತೇವೆ. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ದೇಶದ ಬಹುಭಾಗದ ಹಿಂದೂ ಕುಟುಂಬಗಳು ಶತಮಾನಗಳ ಕಾಲ ಹೊಲ ಮನೆ ಹಂಚಿಕೊಂಡದ್ದು ಅದರ ಆಧಾರದ ಮೇಲೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಎತ್ತಿ ಹಿಡಿದ ಗ್ರಂಥವದು. ಆದರೆ ಪಾಲಿಗೆ ಬಾರದವರು ಯಾರೆಂಬ ಪಟ್ಟಿಯೂ ಆ ಸ್ಮೃತಿಯಲ್ಲಿದೆ. ದೃಷ್ಟಿಯಿಲ್ಲದವರು, ನಡೆಯಲಾರದವರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ವಾಸಿಯಾಗದ ರೋಗದವರು ಅದರಲ್ಲಿದ್ದಾರೆ. ಎಲ್ಲರಿಗಿಂತ ಮೊದಲು ಬರುವವನು ಕ್ಲೀಬ, ಅಂದರೆ ಗಂಡಸುತನವಿಲ್ಲವೆಂದು ಲೋಕ ತೀರ್ಮಾನಿಸಿದವನು. ಇವರಿಗೆ ಪಾಲಿಲ್ಲ, ಇವರನ್ನು ಸಾಕಬೇಕು ಎಂಬುದು ಅಲ್ಲಿಯ ವಿಧಿ. ನಮ್ಮ ಪಡಸಾಲೆಯಲ್ಲಿ ಅಂದು ಆಡಿದ್ದು ಅದೇ ಮಾತು. ಸ್ಮೃತಿಯ ಒಂದು ಸಾಲನ್ನೂ ಓದದವರ ಬಾಯಲ್ಲಿ ಅದು ಬದುಕಿತ್ತು.

ಇಂದು ನಾನು ನಿಮ್ಮ ಮುಂದೆ ಇಡುವ ಬೇಡಿಕೆ ಒಂದೇ. ಮಂಗಳಮುಖಿಯರಿಗೆ, ಹೆಣ್ಣಾಗಿ ಹುಟ್ಟಿ ಗಂಡೆಂದು ತಮ್ಮನ್ನು ಅರಿತವರಿಗೆ, ತಮ್ಮದೇ ಲಿಂಗದವರಲ್ಲಿ ಮನಸ್ಸಿಟ್ಟ ಗಂಡಸರಿಗೆ, ಹೆಂಗಸರಿಗೆ ನಾವು ಇಲ್ಲಿಯವರೆಗೆ ಕೊಟ್ಟದ್ದು ಹೆಚ್ಚೆಂದರೆ ಒಂದು ತುತ್ತು. ಇನ್ನು ಮುಂದೆ ಪಾಲು ಕೊಡೋಣ.

"ಇದೆಲ್ಲ ಹೊರದೇಶದಿಂದ ಬಂದ ಚಟ, ನಮ್ಮಲ್ಲಿ ಇಂಥದ್ದು ಇರಲಿಲ್ಲ" ಎನ್ನುವವರಿಗೆ ಆ ಸ್ಮೃತಿಯ ಪಟ್ಟಿಯೇ ಉತ್ತರ. ಇಲ್ಲದವರನ್ನು ಯಾರೂ ಪಾಲಿನಿಂದ ಹೊರಗಿಡುವುದಿಲ್ಲ. ಗಂಡು ಹೆಣ್ಣೆಂಬ ಎರಡು ಕಣಜದಲ್ಲಿ ತುಂಬಲಾಗದ ಮಕ್ಕಳು ಅಂದೂ ಹುಟ್ಟುತ್ತಿದ್ದರು, ಮನೆಯವರ ಕಣ್ಣಿಗೆ ಬೀಳುತ್ತಿದ್ದರು. ಇತ್ತ ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯ, ಗಂಡು ಹೆಣ್ಣೆಂಬ ಗುರುತು ಮೈಗೆ ಸೇರಿದ್ದು, ಒಳಗಿನ ಜೀವಕ್ಕೆ ಅದು ತಗಲದು ಎಂದು ವಚನದಲ್ಲಿ ಹೇಳಿದ. ದಾಸಿಮಯ್ಯನ ಜಯಂತಿ ಮಾಡುವ ನಾವು ಆ ಮಾತನ್ನು ಮನೆಯ ಮಗುವಿಗೆ ಅನ್ವಯಿಸುವುದಿಲ್ಲ.

ಸನ್ನತಿಯ ಸಂಗತಿಯನ್ನೂ ನೆನೆಯೋಣ. ಭೀಮಾ ದಂಡೆಯ ಚಂದ್ರಲಾಂಬೆಯ ಗುಡಿಗೆ ನಮ್ಮಲ್ಲಿ ಹೋಗದವರು ಕಡಿಮೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಛಾವಣಿ ಕುಸಿದು ಮೂರ್ತಿಗೆ ಪೆಟ್ಟಾಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲುಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅವು ಸಾಮ್ರಾಟ ಅಶೋಕನ ಶಾಸನಗಳು. ಮೂರ್ತಿ ನಿಲ್ಲಿಸಲು ಚಪ್ಪಡಿಯ ನಡುವೆ ತೂತು ಕೊರೆದಿದ್ದರು, ಅದರೊಡನೆ ಕೆಲವು ಸಾಲು ಹೋಗಿಬಿಟ್ಟಿದ್ದವು. ಉಳಿದ ಸಾಲುಗಳಲ್ಲಿ ಹನ್ನೆರಡನೆಯ ಶಾಸನವಿದೆ: ಬೇರೆಯವರ ಪಂಥವನ್ನು ಹಳಿಯಬೇಡಿ, ನಾಲಗೆಯನ್ನು ಹಿಡಿತದಲ್ಲಿಡಿ, ಪರರನ್ನು ಕೀಳು ಮಾಡಿದವನು ತನ್ನದಕ್ಕೇ ಕೇಡು ತರುತ್ತಾನೆ ಎಂಬುದು ಅದರ ಸಾರ. ಎಲ್ಲ ಪ್ರಜೆಗಳೂ ತನ್ನ ಮಕ್ಕಳು, ಮಕ್ಕಳಿಗೆ ಬಯಸುವ ಸುಖವನ್ನೇ ಅವರೆಲ್ಲರಿಗೂ ಬಯಸುತ್ತೇನೆ ಎಂದು ಅರಸ ಹೇಳಿಕೊಳ್ಳುವ ಪ್ರತ್ಯೇಕ ಶಾಸನವೂ ಅದೇ ಕಲ್ಲಿನಲ್ಲಿದೆ. ಆ ಮಾತು ನಮ್ಮ ದೇವಿಯ ಪಾದದ ಕೆಳಗೇ ಇತ್ತು. ನಾವು ಕೈಮುಗಿದೆವು, ಓದಲಿಲ್ಲ.

ಸೇಡಂ ತಾಲೂಕಿನ ಮಳಖೇಡಕ್ಕೆ ಬನ್ನಿ. ಕಾಗಿಣಾ ದಂಡೆಯ ಈ ರಾಷ್ಟ್ರಕೂಟ ರಾಜಧಾನಿಯಲ್ಲಿ 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ರೂಪುಗೊಂಡಿತು. ಪರರ ವಿಚಾರವನ್ನು, ಪರರ ಧರ್ಮವನ್ನು ತಾಳಿಕೊಳ್ಳಬಲ್ಲ ಗುಣವೇ ನಿಜವಾದ ಚಿನ್ನವೆಂದು ಕನ್ನಡದಲ್ಲಿ ನಮಗೆ ದೊರೆತ ಈ ಮೊದಲ ಗ್ರಂಥ ಹೇಳಿತು. ಈ ಎರಡೂ ಕಡೆ ಮಾತು ಬಂದದ್ದು ಮತ, ವಿಚಾರಗಳ ಬಗ್ಗೆ ಎಂಬುದು ನನಗೆ ಗೊತ್ತು. ಪಕ್ಕದ ಮನೆಯ ದೇವರನ್ನು ತಾಳಿಕೊಳ್ಳುವುದನ್ನು ನಾವು ಇಲ್ಲಿ ಚೆನ್ನಾಗಿಯೇ ಕಲಿತಿದ್ದೇವೆ, ದರ್ಗಾಕ್ಕೂ ಮಠಕ್ಕೂ ಒಂದೇ ಗಾಡಿ ಕಟ್ಟುತ್ತೇವೆ. ನಮಗೆ ಕಷ್ಟವಾಗಿರುವುದು ನಮ್ಮದೇ ಹೊಟ್ಟೆಯಲ್ಲಿ ಹುಟ್ಟಿ ನಮ್ಮಂತಿಲ್ಲದ ಮಗುವನ್ನು ತಾಳಿಕೊಳ್ಳುವುದು.

ನಮ್ಮ ನಡವಳಿಕೆಯನ್ನು ಒಮ್ಮೆ ನೋಡಿಕೊಳ್ಳೋಣ. ಯಲ್ಲಮ್ಮನ ಜಾತ್ರೆಯಲ್ಲಿ ಪಡಲಿಗೆ ಹೊತ್ತ ಜೋಗತಿಯ ಕಾಲಿಗೆ ಬೀಳುತ್ತೇವೆ. ಕೂಸು ಹುಟ್ಟಿದ ಮನೆಗೆ, ಹೊಸ ಅಂಗಡಿಗೆ ಮಂಗಳಮುಖಿಯರ ಹರಕೆ ಬೇಕು. ಅವರ ಶಾಪಕ್ಕೆ ಹೆದರುತ್ತೇವೆ. ಅವರೇ ಮರುದಿನ ಬಾಡಿಗೆಗೆ ಒಂದು ಖೋಲಿ ಕೇಳಿದರೆ "ಮಂದಿ ಏನಂತಾರ" ಎಂದು ಬಾಗಿಲು ಹಾಕುತ್ತೇವೆ. ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತಾಗ ಚಪ್ಪಾಳೆಯ ಸದ್ದು ಕೇಳಿದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತೇವೆ. ಅವರು ದುಡ್ಡಿಗೆ ಪೀಡಿಸುತ್ತಾರೆಂಬ ದೂರು ನನ್ನ ಕಿವಿಗೂ ಬಿದ್ದಿದೆ. ಯಾರೂ ಯಾರನ್ನೂ ಪೀಡಿಸಬಾರದು, ನಿಜ. ಆದರೆ ಶಾಲೆಯಲ್ಲಿ ಅಣಕಿಸಿ ಓಡಿಸಿ, ಮನೆಯಿಂದ ಹೊರಹಾಕಿ, ಗಣಿ, ಕಾರ್ಖಾನೆ, ಅಂಗಡಿ ಎಲ್ಲಿಯೂ ಕೆಲಸ ಕೊಡದೆ, ಕೊನೆಗೆ ಬೋಗಿಯಲ್ಲಿ ಕೈಚಾಚಿದರೆ ಸಿಟ್ಟಾಗುವ ನಾವು ಆ ಬೋಗಿಯ ತನಕ ಅವರನ್ನು ತಂದವರು ಯಾರೆಂದು ಕೇಳಿಕೊಳ್ಳಬೇಡವೇ?

ಸರ್ಕಾರಗಳೂ ಬಹುಕಾಲ ನಮ್ಮಂತೆಯೇ ನಡೆದವು. ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1329 ಫಸಲಿಯಲ್ಲಿ, ಅಂದರೆ 1919ರಲ್ಲಿ, ಹೈದರಾಬಾದ್ ಸಂಸ್ಥಾನ ಒಂದು ಕಾಯ್ದೆ ತಂದಿತು. ಹಿಜಡಾಗಳ ಹೆಸರು, ವಾಸಸ್ಥಳ ದಾಖಲಿಸಿ ಪಟ್ಟಿ ಇಡುವುದು, ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಹಾಡಿ ಕುಣಿದರೆ ವಾರಂಟಿಲ್ಲದೆ ಹಿಡಿಯುವುದು ಅದರ ಕೆಲಸ. ತೆಲಂಗಾಣದಲ್ಲಿ ಉಳಿದುಬಂದಿದ್ದ ಆ ಕಾಯ್ದೆಯನ್ನು ಅಲ್ಲಿಯ ಹೈಕೋರ್ಟ್ ರದ್ದು ಮಾಡಿದ್ದು 2023ರ ಜುಲೈನಲ್ಲಿ. ನಮ್ಮ ರಾಜ್ಯವೂ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಅಂಥದ್ದೇ ಕಲಮು ಸೇರಿಸಿತ್ತು. ಸಮುದಾಯದವರು ನ್ಯಾಯಾಲಯಕ್ಕೆ ಹೋಗಿ ಹೋರಾಡಿದ ಮೇಲೆ ಅದರ ಪದ ಬದಲಾಯಿತು.

ಈಗ ಕಾಲ ಬೇರೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ತಾನು ಗಂಡೋ ಹೆಣ್ಣೋ ತೃತೀಯ ಲಿಂಗವೋ ಎಂದು ಹೇಳಿಕೊಳ್ಳುವುದು ವ್ಯಕ್ತಿಯ ಘನತೆಗೆ ಸೇರಿದ ವಿಷಯ ಎಂದಿತು. 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿಂದ ಕೂಡಿದ ವಯಸ್ಕರ ಸಲಿಂಗ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಸಲಿಂಗ ವಿವಾಹಕ್ಕೆ ಮಾತ್ರ 2023ರಲ್ಲಿ ಮಾನ್ಯತೆ ಸಿಗಲಿಲ್ಲ. 2021ರಲ್ಲಿ ಕರ್ನಾಟಕ ತನ್ನ ನೇರ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇ. 1ರ ಸಮತಲ ಮೀಸಲಾತಿ ಕೊಟ್ಟು ದೇಶಕ್ಕೆ ದಾರಿ ತೋರಿಸಿತು. ಮೈತ್ರಿ ಮಾಸಾಶನವಿದೆ, ಶಕ್ತಿ ಯೋಜನೆಯ ಬಸ್ಸಿನಲ್ಲಿ ಅವರಿಗೂ ಟಿಕೆಟಿಲ್ಲ.

ಪಾಲಿನ ಪ್ರಶ್ನೆಯಲ್ಲಂತೂ ಕಾನೂನು ಸ್ಪಷ್ಟ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು, ರೋಗ, ಊನ, ಅಂಗವಿಕಲತೆಯ ನೆಪದಿಂದ ಯಾರ ವಾರಸು ಹಕ್ಕನ್ನೂ ಕಿತ್ತುಕೊಳ್ಳಬಾರದೆಂದು ಹೇಳಿ, ಆ ಹಳೆಯ ಪಟ್ಟಿಗೆ ಜಾಗವೇ ಇಲ್ಲದಂತೆ ಮಾಡಿತು. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯ 12ನೇ ಕಲಮು ತಂದೆ ತಾಯಿ, ಒಡಹುಟ್ಟಿದವರು ಇರುವ ಮನೆಯಲ್ಲಿ ವಾಸಿಸುವ ಹಕ್ಕನ್ನು ಅವರಿಗೆ ಕೊಟ್ಟಿದೆ. ಈ ಸುದ್ದಿ ದಿಲ್ಲಿ, ಬೆಂಗಳೂರು ದಾಟಿ ನಮ್ಮ ಪಡಸಾಲೆಗೆ ಬರಬೇಕಿದೆ.

ಎಲ್ಲೋ ಒಂದು ಕಡೆ ಜಾಗ ಸಿಕ್ಕರೆ ಒಂದು ಜೀವ ಏನಾಗಬಲ್ಲದು ಎಂಬುದಕ್ಕೆ ಮಂಜಮ್ಮ ಜೋಗತಿ ನಮ್ಮ ಕಣ್ಣ ಮುಂದಿದ್ದಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿ, ಹತ್ತನೆಯ ತರಗತಿಯವರೆಗೆ ಓದಿ, ಮನೆಯವರಿಂದ ದೂರವಾಗಿ, ನೋವು ತಾಳದೆ ವಿಷ ಕುಡಿದು ಬದುಕುಳಿದವರು ಅವರು. ಭಿಕ್ಷೆ ಬೇಡಿದರು. ಕಾಳವ್ವ ಜೋಗತಿಯ ಬಳಿ ಸೇರಿ ಜೋಗತಿ ಕುಣಿತ, ಯಲ್ಲಮ್ಮನಾಟ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ನಾವೂ ಚಪ್ಪಾಳೆ ತಟ್ಟಿದೆವು. ಆದರೆ ಎಲ್ಲರೂ ವಿಷ ಕುಡಿದು ಬದುಕುಳಿಯುವುದಿಲ್ಲ. ಮನೆಯಲ್ಲಿ ಜಾಗ ಸಿಗಲು ಪದ್ಮಶ್ರೀ ಗಳಿಸಬೇಕೆಂಬ ಷರತ್ತೂ ಯಾವ ಮಗುವಿಗೂ ಇರಬಾರದು.

ಕಣ್ಣಿಗೆ ಬೀಳದವರ ಬಗ್ಗೆಯೂ ಒಂದು ಮಾತು. ನಮ್ಮ ಊರುಗಳಲ್ಲಿ ಸಲಿಂಗ ಪ್ರೇಮಿಗಳಿಗೆ ಹೆಸರೂ ಇಲ್ಲ, ಬೈಗುಳ ಮಾತ್ರ ಇದೆ. ಹುಡುಗನ ಮನಸ್ಸು ಗೊತ್ತಾದರೆ "ಲಗ್ನ ಮಾಡ್ರಿ, ಎಲ್ಲ ಸುದ್ದಾಗ್ತದ" ಎನ್ನುತ್ತೇವೆ. ಲಗ್ನದಿಂದ ಅವನು ಬದಲಾಗುವುದಿಲ್ಲ. ಬೇರೊಂದು ಮನೆಯ ಹೆಣ್ಣುಮಗಳು ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಬದುಕಿಡೀ ಕೊರಗುತ್ತಾಳೆ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗಂತೂ ಬಾಯಿ ಬಿಡುವ ಅವಕಾಶವೇ ಇಲ್ಲ. ಸಲಿಂಗ ಪ್ರೇಮ ಕಾಯಿಲೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರ ಮೇ 17ರಂದು. "ಬದಲಾಯಿಸುವ ಚಿಕಿತ್ಸೆ" ವೃತ್ತಿದ್ರೋಹವೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಔಷಧಿ, ಅಂತ್ರ, ಬರೆ ಯಾವುದೂ ಬೇಕಿಲ್ಲ. ಮಗು ಹೇಳುವುದನ್ನು ಕೇಳುವ ಕಿವಿ ಬೇಕು.

ತಂದೆ ತಾಯಂದಿರೇ, ಮಗು ತನ್ನ ಮನಸ್ಸು ಬಿಚ್ಚಿದ ದಿನ ಕೈ ಎತ್ತಬೇಡಿ. ಅರ್ಥವಾಗದಿದ್ದರೆ "ನನಗ ತಿಳೀವಲ್ದು, ಆದ್ರ ನೀ ನನ್ನ ಕೂಸು" ಎಂದಷ್ಟೇ ಹೇಳಿ. ಆ ರಾತ್ರಿ ಮಗು ಮನೆಯಲ್ಲೇ ಮಲಗುತ್ತದೆ. ಮನಸ್ಸು ಕುಗ್ಗಿದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಮಗುವಷ್ಟೇ ಅಲ್ಲ, ನೀವೂ ಮಾತಾಡಬಹುದು.

ಗುರುಗಳೇ, ನಡಿಗೆಯನ್ನು, ದನಿಯನ್ನು ಅಣಕಿಸುವ ನಗು ತರಗತಿಯಲ್ಲಿ ಎದ್ದಾಗ ನೀವು ನಗದಿದ್ದರೆ ಅರ್ಧ ಕೆಲಸ ಆಯಿತು, ಆ ನಗುವನ್ನು ನಿಲ್ಲಿಸಿದರೆ ಪೂರ್ತಿ ಆಯಿತು. ಮನೆ ಬಾಡಿಗೆ ಕೊಡುವವರೇ, ಬಾಡಿಗೆ, ನಡತೆ ಕೇಳಿ, ಲಿಂಗ ಕೇಳಬೇಡಿ. ಫರ್ಸಿ ಕಲ್ಲಿನ ಗಣಿಯವರೇ, ಸಿಮೆಂಟ್ ಕಾರ್ಖಾನೆಯವರೇ, ದಾಲ್ ಮಿಲ್ಲಿನವರೇ, ಕೆಲಸಕ್ಕೆ ಬೇಕಾದ್ದು ಕೈ ಮತ್ತು ಬುದ್ಧಿ, ಉದ್ಯೋಗದಲ್ಲಿ ಭೇದ ಮಾಡಬಾರದೆಂದು 2019ರ ಕಾಯ್ದೆಯೂ ಹೇಳುತ್ತದೆ. ಹಿಸ್ಸಾಕ್ಕೆ ಕೂರುವ ಹಿರಿಯರೇ, ಕಾಗದ ಬರೆಯುವ ಮುನ್ನ "ಈ ಮನೆಯಲ್ಲಿ ಹುಟ್ಟಿದವರೆಲ್ಲರ ಹೆಸರು ಬಂತೇನು?" ಎಂದು ಒಮ್ಮೆ ಗಟ್ಟಿಯಾಗಿ ಕೇಳಿ. ಉತ್ತರ ಬರುವ ತನಕ ಸಹಿ ಮಾಡಬೇಡಿ.

ಪಾಲು ಸಿಗದ ಸಂಕಟ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರಾಜ್ಯದಲ್ಲಿ ನಮ್ಮ ಸೀಮೆ ಹಿಂದುಳಿದದ್ದು ದಯೆಯ ಕೊರತೆಯಿಂದಲ್ಲ, ಪಾಲಿನ ಕೊರತೆಯಿಂದ ಎಂದು ನಾವು ದಶಕಗಳ ಕಾಲ ಕೂಗಿದೆವು. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಸೀಮೆಗೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ಬಂದಾಗ ಪಟಾಕಿ ಹಚ್ಚಿದೆವು. ಆ ಪಾಲನ್ನು ಭಿಕ್ಷೆ ಎಂದು ಯಾರಾದರೂ ಕರೆದಿದ್ದರೆ ನಾವು ಸಹಿಸುತ್ತಿದ್ದೆವೇ? ನಮಗಾಗಿ ಕೇಳಿದ ನ್ಯಾಯವನ್ನು ನಮ್ಮ ಮನೆಯೊಳಗೂ ಮಾಡೋಣ.

ಇತ್ತೀಚೆಗೆ ನಾನು ಆ ಹಳ್ಳಿಗೆ ಹೋಗಿದ್ದೆ. ಅಣ್ಣತಮ್ಮಂದಿರಿಬ್ಬರನ್ನೂ ಅದೇ ಪಡಸಾಲೆಯಲ್ಲಿ ಕೂರಿಸಿ, ಅಂದು ನಾನು ತಪ್ಪು ಮಾಡಿದೆ, ಕಾಗದ ತಿದ್ದೋಣ ಎಂದು ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಏಳುವಾಗ ಚಿಕ್ಕವನು, "ಅಕ್ಕ ಬರ್ತಾಳೇನ್ರಿ?" ಎಂದು ಕೇಳಿದ. ಅಂದು ಆ ಮನೆಯಲ್ಲಿ "ಅವಂದು" ಆಗಿದ್ದವಳು ತಮ್ಮನ ಬಾಯಲ್ಲಿ ಅಕ್ಕನಾಗಿದ್ದಳು. ಕಾಗದ ಇನ್ನೂ ಬದಲಾಗಿಲ್ಲ. ಅದು ಬದಲಾಗುವ ದಿನ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲು ನಾನು ಹೋಗುತ್ತೇನೆ. ನಿಮ್ಮ ನಿಮ್ಮ ಊರಿನ ಪಡಸಾಲೆಗಳಲ್ಲಿ ಅಂಥ ಕಾಗದಕ್ಕೆ ನೀವೂ ಸಾಕ್ಷಿಯಾಗಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.