ಬಂದೂಕಿನ ಕೀಲೂ ಮನುಷ್ಯನ ಕೈಯೂ

ಗುಂಡು ಹಾರಿಸುವ ಅಭ್ಯಾಸ ಮುಗಿದೊಡನೆ ಬಂದೂಕನ್ನು ಬರಿದುಮಾಡಿ ತೋರಿಸಬೇಕೆಂಬ ನಿಯಮವನ್ನು ಎನ್.ಸಿ.ಸಿ. ವಿದ್ಯಾರ್ಥಿಗಳೆಲ್ಲರೂ ಬಲ್ಲರು. ‘ಸೇಫ್ಟಿ ಕ್ಯಾಚ್ ಹಾಕಿದ್ದೇನಲ್ಲ, ಇನ್ನೇಕೆ ಈ ವಿಧಿ?’ ಎಂದು ಯಾರಾದರೂ ಕೇಳಿದರೆ ಅದು ಉದ್ಧಟತನವಲ್ಲ, ವಿಚಾರಯೋಗ್ಯವಾದ ಪ್ರಶ್ನೆ. ಕಾರಣ ತಿಳಿಯದೆ ಪಾಲಿಸಿದ ನಿಯಮ ಆತುರದ ಗಳಿಗೆಯಲ್ಲಿ ಮರೆತುಹೋಗುತ್ತದೆ.

ಮೊದಲು ಒಂದು ಚಿಕ್ಕ ಲೆಕ್ಕ. ನಮ್ಮ ಕೆಡೆಟ್ಟುಗಳು ದೀರ್ಘಕಾಲ ಬಳಸಿದ .303 ಲೀ-ಎನ್‌ಫೀಲ್ಡ್ ಬಂದೂಕಿನ ಗುಂಡಿನ ತೂಕ ಸುಮಾರು 11 ಗ್ರಾಂ. ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 740 ಮೀಟರು. ಚಲನಶಕ್ತಿ ಸುಮಾರು 3,000 ಜೂಲ್ ಆಯಿತು. ಇದನ್ನು ಬಿಡುಗಡೆ ಮಾಡಲು ಟ್ರಿಗರಿನ ಮೇಲೆ ಬೆರಳು ಮಾಡುವ ಕೆಲಸವಾದರೋ ಒಂದು ಜೂಲನ್ನೂ ಮುಟ್ಟದು. ಕಾರ್ಯ ಅಲ್ಪ, ಫಲ ಭಯಂಕರ. ಈ ಅಂತರವನ್ನು ಕಾಯಲೆಂದೇ ಸುರಕ್ಷಾ ಕೀಲು ಹುಟ್ಟಿತು.

ಲೀ-ಎನ್‌ಫೀಲ್ಡಿನಲ್ಲಿ ಎಡಬದಿಯ ಕೀಲನ್ನು ಹಿಂದಕ್ಕೆ ತಿರುಗಿಸಿದರೆ, ತೋಟಾದ ಬುಡಕ್ಕೆ ಬಡಿಯುವ ಮೊಳೆಯೂ ಬೋಲ್ಟೂ ಒಟ್ಟಿಗೆ ಬಂಧಿತವಾಗುತ್ತವೆ. ಪೊದೆಗೆ ಸಿಕ್ಕಿ ಬೋಲ್ಟು ತೆರೆದುಕೊಳ್ಳುವ ಭಯವಿಲ್ಲ. ಆದರೆ ತೋಟಾ ತುಂಬಲೂ ತೆಗೆಯಲೂ ಬೋಲ್ಟನ್ನು ಎಳೆಯಲೇಬೇಕು. ಎಳೆಯಬೇಕಾದರೆ ಕೀಲನ್ನು ಕಳಚಲೇಬೇಕು. ರಷ್ಯದ ಕಲಾಶ್ನಿಕೋವಿನ ಕಥೆಯೂ ಇದೇ. ಅದರ ಬಲಬದಿಯ ಉದ್ದನೆಯ ಪಟ್ಟಿ ಮೇಲಿದ್ದಾಗ ಟ್ರಿಗರನ್ನು ತಡೆಯುತ್ತದೆ, ಧೂಳನ್ನೂ ತಡೆಯುತ್ತದೆ. ಜೊತೆಗೆ ಬೋಲ್ಟು ಪೂರ್ತಿ ಹಿಂದೆ ಸರಿಯದಂತೆಯೂ ಮಾಡುತ್ತದೆ. ಹೀಗಾಗಿ ಬಂದೂಕನ್ನು ನಿರಪಾಯಗೊಳಿಸುವ ಕ್ಷಣದಲ್ಲೇ ರಕ್ಷಣೆ ಇಲ್ಲವಾಗುತ್ತದೆ!

1898ರ ಜರ್ಮನ್ ಮೌಸರ್ ಈ ತೊಡಕನ್ನು ಜಾಣತನದಿಂದ ಬಿಡಿಸಿತು. ಅದರ ರೆಕ್ಕೆಯಂಥ ಕೀಲಿಗೆ ಮೂರು ನೆಲೆ: ಎಡಕ್ಕೆ ವಾಲಿದರೆ ಗುಂಡು ಹಾರುತ್ತದೆ, ಬಲಕ್ಕೆ ವಾಲಿದರೆ ಎಲ್ಲವೂ ಬಂಧಿತ, ನೆಟ್ಟಗೆ ನಿಂತರೆ ಬಡಿಮೊಳೆ ಬಂಧಿತ, ಬೋಲ್ಟು ಮಾತ್ರ ಸ್ವತಂತ್ರ. ರಕ್ಷಣೆಯನ್ನು ಬಿಡದೆಯೇ ತೋಟಾಗಳನ್ನು ತೆಗೆಯಬಹುದು. ನೆಟ್ಟಗೆ ನಿಂತ ರೆಕ್ಕೆ ಗುರಿನೋಟಕ್ಕೆ ಅಡ್ಡಬಂದು ತನ್ನ ಸ್ಥಿತಿಯನ್ನು ತಾನೇ ಸಾರುತ್ತದೆ.

ಕತ್ತಲೆಯಲ್ಲಿ, ಗಾಬರಿಯಲ್ಲಿ ಸೈನಿಕನಿಗೆ ಎರಡೇ ನೆಲೆ ಸುಲಭವೆಂಬ ವಾದ ಉಂಟು, ಅದನ್ನು ಅಲ್ಲಗಳೆಯಲಾರೆವು. ಆದರೂ ಕಲಿಯುವವರ ಕೈಗೆ ಮೌಸರಿನ ಮಧ್ಯದ ನೆಲೆಯೇ ಹೆಚ್ಚು ಹಿತವೆಂದು ನಮ್ಮ ಅಭಿಪ್ರಾಯ. ಒಂದು ಬಂದೂಕಿನ ಅಭ್ಯಾಸವನ್ನು ಇನ್ನೊಂದಕ್ಕೆ ಹೊಂದಿಸಹೊರಡುವುದಂತೂ ಅಪಾಯಕರ. ಆದುದರಿಂದ ‘ಕೀಲು ಹಾಕು’ ಎಂಬ ಆಜ್ಞೆಯೊಡನೆ, ಆ ಕೀಲು ಯಾವ ಭಾಗವನ್ನು ತಡೆಯುತ್ತದೆ, ಯಾವುದನ್ನು ತಡೆಯದು ಎಂಬ ಪಾಠವೂ ಸೇರಬೇಕು.

ಕೀಲು ಕಬ್ಬಿಣದ ತುಂಡು. ನಳಿಗೆಯ ಬಾಯಿ ಯಾರತ್ತ ತಿರುಗಿದೆಯೆಂಬುದು ಅದಕ್ಕೆ ತಿಳಿಯದು. ಅದನ್ನು ತಿಳಿದಿರಬೇಕಾದವನು ಬಂದೂಕನ್ನು ಹಿಡಿದವನು. ನಳಿಗೆ ನಿರ್ಜನ ದಿಕ್ಕಿಗಿರಲಿ, ಬೆರಳು ಟ್ರಿಗರಿನಿಂದ ದೂರವಿರಲಿ, ತೋಟಾದ ಮನೆಯನ್ನು ಕಣ್ಣಾರೆ ನೋಡಿದ ಮೇಲೆಯೇ ‘ಬರಿದು’ ಎಂಬ ಮಾತು ಹೊರಡಲಿ.