ಸಾವಿನಂಚಿನ ಕೈದಿಗೂ ಬಿಡುಗಡೆ ಇಲ್ಲ: ಭಯೋತ್ಪಾದನೆ ಪ್ರಕರಣಗಳಲ್ಲಿ ಕರುಣೆಯ ಲೆಕ್ಕಾಚಾರವೇನು?

ನವದೆಹಲಿ: 1993ರ ಸೆಪ್ಟೆಂಬರ್ 11ರಂದು ದೆಹಲಿಯ ರೈಸಿನಾ ರಸ್ತೆಯ ಯುವ ಕಾಂಗ್ರೆಸ್ ಕಚೇರಿ ಬಳಿ ಕಾರ್ ಬಾಂಬ್ ಸ್ಫೋಟಿಸಿತು. ಗುರಿಯಾಗಿದ್ದ ಎಂ.ಎಸ್. ಬಿಟ್ಟಾ ಬದುಕುಳಿದರು, 9 ಮಂದಿ ಪ್ರಾಣ ಕಳೆದುಕೊಂಡರು. ಈ ಪ್ರಕರಣದ ಅಪರಾಧಿ ದೇವಿಂದರ್ ಪಾಲ್ ಸಿಂಗ್ ಭುಲ್ಲರ್‌ನನ್ನು ಬಿಡುಗಡೆ ಮಾಡಬೇಕೇ ಎಂಬ ಪ್ರಶ್ನೆ ಮೂರು ದಶಕಗಳ ನಂತರವೂ ದೆಹಲಿ ಸರ್ಕಾರದ ಶಿಕ್ಷೆ ಪರಿಶೀಲನಾ ಮಂಡಳಿಯನ್ನು ಬೆನ್ನು ಬಿಟ್ಟಿಲ್ಲ.

ಜರ್ಮನಿಯಿಂದ 1995ರಲ್ಲಿ ಗಡೀಪಾರಾಗಿ ಬಂದ ಭುಲ್ಲರ್‌ಗೆ ಟಾಡಾ ನ್ಯಾಯಾಲಯ 2001ರಲ್ಲಿ ಗಲ್ಲು ಶಿಕ್ಷೆ ವಿಧಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದರೂ ತೀರ್ಪು ಸರ್ವಾನುಮತದ್ದಲ್ಲ. ನ್ಯಾಯಮೂರ್ತಿ ಎಂ.ಬಿ. ಶಾ ಅವರು ಆರೋಪಿಯನ್ನು ಖುಲಾಸೆ ಮಾಡಬೇಕೆಂದು ಭಿನ್ನ ತೀರ್ಪು ಬರೆದಿದ್ದರು. ರಾಷ್ಟ್ರಪತಿಗೆ ಸಲ್ಲಿಸಿದ ಕ್ಷಮಾದಾನದ ಅರ್ಜಿ ಎಂಟು ವರ್ಷ ಕೊಳೆತು 2011ರಲ್ಲಿ ತಿರಸ್ಕೃತವಾಯಿತು. ಅಷ್ಟರಲ್ಲಿ ಕೈದಿಯ ಮಾನಸಿಕ ಆರೋಗ್ಯ ಹದಗೆಟ್ಟಿತ್ತು. ಈ ವಿಳಂಬ ಮತ್ತು ಕಾಯಿಲೆ ಎರಡನ್ನೂ ಪರಿಗಣಿಸಿ 2014ರ ಮಾರ್ಚ್ 31ರಂದು ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಅಂದರೆ ಕಾಯಿಲೆಯ ಕಾರಣಕ್ಕೆ ನೇಣು ತಪ್ಪಿತು, ಅದೇ ಕಾಯಿಲೆಯ ಕಾರಣಕ್ಕೆ ಬಿಡುಗಡೆ ಸಿಗಲಿಲ್ಲ. 2015ರಲ್ಲಿ ತಿಹಾರ್‌ನಿಂದ ಅಮೃತಸರಕ್ಕೆ ಸ್ಥಳಾಂತರಗೊಂಡ ಭುಲ್ಲರ್, ಪರೋಲ್ ಮೇಲೆ ಹೊರಹೋಗಿ ವಾಪಸ್ ಬಂದಿದ್ದಾನೆ. ಗುರುನಾನಕರ 550ನೇ ಜಯಂತಿಯ ನೆಪದಲ್ಲಿ 2019ರಲ್ಲಿ ಕೇಂದ್ರ ಸರ್ಕಾರವೇ ವಿಶೇಷ ವಿನಾಯಿತಿ ಘೋಷಿಸಿತ್ತು. ಆದರೂ ದೆಹಲಿಯ ಮಂಡಳಿ ಮನವಿಯನ್ನು ಮತ್ತೆ ಮತ್ತೆ ತಿರಸ್ಕರಿಸಿತು. ಪಂಜಾಬ್‌ನಲ್ಲಿ 'ಬಂದಿ ಸಿಂಗ್'ಗಳ ಬಿಡುಗಡೆ ಚುನಾವಣಾ ವಿಷಯ. ಹೀಗಾಗಿ ವೈದ್ಯರ ಕೈಯಲ್ಲಿರಬೇಕಾದ ಕಡತ ರಾಜಕಾರಣಿಗಳ ಕೈಯಲ್ಲಿ ಓಡಾಡುತ್ತಿದೆ.

ಭುಲ್ಲರ್ ಸಾವಿನಂಚಿನಲ್ಲಿರುವ ರೋಗಿಯಲ್ಲ. ಹಾಗಿದ್ದರೆ ಫಲಿತಾಂಶ ಬೇರೆ ಆಗುತ್ತಿತ್ತೇ? ಆಗುತ್ತಿರಲಿಲ್ಲ ಎನ್ನುತ್ತದೆ ಸರ್ಕಾರದ ನೀತಿ. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಅಂಗವಾಗಿ 2022-23ರಲ್ಲಿ ಕೇಂದ್ರ ಗೃಹ ಸಚಿವಾಲಯ ರೂಪಿಸಿದ ಬಿಡುಗಡೆ ಯೋಜನೆಯಲ್ಲಿ ಗುಣವಾಗದ ಕಾಯಿಲೆಯ ಕೈದಿಗಳಿಗೆ ಪ್ರತ್ಯೇಕ ಸ್ಥಾನವಿತ್ತು. ಆದರೆ ಟಾಡಾ, ಪೋಟಾ, ಯುಎಪಿಎ ಅಪರಾಧಿಗಳನ್ನು ಸಾರಾಸಗಟಾಗಿ ಹೊರಗಿಡಲಾಗಿತ್ತು. ಕ್ಯಾನ್ಸರ್‌ನ ಹಂತ ಯಾವುದು, ಎದ್ದು ಕೂರಲು ಆಗುತ್ತದೆಯೇ ಎಂಬ ವೈದ್ಯಕೀಯ ವರದಿ ಓದುವ ಮೊದಲೇ ಚಾರ್ಜ್‌ಶೀಟ್‌ನ ಸೆಕ್ಷನ್ ತೀರ್ಮಾನ ಕೊಟ್ಟುಬಿಡುತ್ತದೆ.

ಜಾಮೀನಿಗೂ ಇದೇ ಗತಿ

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 45ನೇ ಸೆಕ್ಷನ್, ಕಾಯಿಲೆಪೀಡಿತ ಆರೋಪಿಗೆ ಜಾಮೀನಿನ ಕಠಿಣ ಷರತ್ತಿನಿಂದ ವಿನಾಯಿತಿ ನೀಡುತ್ತದೆ. ಯುಎಪಿಎ ಕಾಯ್ದೆಯಲ್ಲಿ ಅಂಥ ಸಾಲೇ ಇಲ್ಲ. ಬೆಂಗಳೂರು ಸರಣಿ ಸ್ಫೋಟ ಪ್ರಕರಣದ ಆರೋಪಿ ಅಬ್ದುಲ್ ನಾಸರ್ ಮದನಿಗೆ 2014ರಲ್ಲಿ ಅನಾರೋಗ್ಯದ ಕಾರಣಕ್ಕೆ ಜಾಮೀನು ಸಿಕ್ಕಿದ್ದು ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲೆ. ಎಲ್ಲರಿಗೂ ಅಷ್ಟು ಸಮಯ ಇರುವುದಿಲ್ಲ. ಭಯೋತ್ಪಾದನೆಗೆ ಹಣ ಪೂರೈಕೆ ಆರೋಪದಲ್ಲಿ 2017ರಿಂದ ತಿಹಾರ್‌ನಲ್ಲಿದ್ದ ಕಾಶ್ಮೀರದ ಪ್ರತ್ಯೇಕತಾವಾದಿ ಅಲ್ತಾಫ್ ಅಹ್ಮದ್ ಶಾಗೆ ಮೂತ್ರಪಿಂಡದ ಕ್ಯಾನ್ಸರ್ ಇರುವುದು ಗೊತ್ತಾದಾಗ ರೋಗ ದೇಹವೆಲ್ಲ ಹರಡಿತ್ತು. ದೆಹಲಿ ಹೈಕೋರ್ಟ್ ಆದೇಶದ ನಂತರ ಏಮ್ಸ್‌ಗೆ ಸೇರಿಸಿದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್‌ನಲ್ಲಿ ಸಾವು ಸಂಭವಿಸಿತು. ಆಗಿನ್ನೂ ಶಾ ಅಪರಾಧಿ ಎಂದು ಸಾಬೀತಾಗಿರಲಿಲ್ಲ.

ಲಾಕರ್ಬಿಯ ನೆನಪು

ವಿರೋಧಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. 270 ಜನರನ್ನು ಬಲಿ ಪಡೆದ ಲಾಕರ್ಬಿ ವಿಮಾನ ಸ್ಫೋಟದ ಅಪರಾಧಿ ಅಬ್ದೆಲ್‌ಬಾಸೆತ್ ಅಲ್ ಮೆಗ್ರಾಹಿ ಇನ್ನು ಸುಮಾರು ಮೂರು ತಿಂಗಳಷ್ಟೇ ಬದುಕಬಹುದು ಎಂಬ ಅಂದಾಜಿನ ಮೇಲೆ ಸ್ಕಾಟ್ಲೆಂಡ್ ಸರ್ಕಾರ 2009ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ಟ್ರಿಪೊಲಿಯಲ್ಲಿ ವೀರೋಚಿತ ಸ್ವಾಗತ ಸಿಕ್ಕಿತು. ಮೂರು ತಿಂಗಳಲ್ಲ, ಸುಮಾರು ಮೂರು ವರ್ಷ ಬದುಕಿ ಮೆಗ್ರಾಹಿ ತೀರಿಕೊಂಡಿದ್ದು 2012ರ ಮೇನಲ್ಲಿ. ಸತ್ತವರ ಕುಟುಂಬಗಳಿಗೆ ಆ ಸ್ವಾಗತದ ದೃಶ್ಯ ಎಂಥ ನೋವು ಕೊಟ್ಟಿರಬೇಕು! ರೈಸಿನಾ ರಸ್ತೆಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೂ ತಮ್ಮ ಮಾತು ಹೇಳುವ ಹಕ್ಕಿದೆ.

ಆದರೆ ಅಲ್ಲಿ ಎಡವಿದ್ದು ಮುಖ್ಯವಾಗಿ ಷರತ್ತುಗಳ ವಿಷಯದಲ್ಲಿ. ದೇಶ ಬಿಟ್ಟು ಹೋಗಲು ಬಿಡದೆ, ಮೆರವಣಿಗೆಗೆ ಅವಕಾಶ ಕೊಡದೆ, ಪೊಲೀಸ್ ನಿಗಾದಲ್ಲಿ ಆಸ್ಪತ್ರೆ ಅಥವಾ ಮನೆಯಲ್ಲಿ ಇರಿಸಿ, ರೋಗ ಹತೋಟಿಗೆ ಬಂದರೆ ವಾಪಸ್ ಜೈಲಿಗೆ ಕಳುಹಿಸಬಹುದು. ಜೀವಂತ ಅಪಾಯವಾಗಿರುವ ಕೈದಿಗೆ ಬಿಡುಗಡೆ ನಿರಾಕರಿಸುವುದು ಸರಿಯೇ. ಹಾಸಿಗೆಯಿಂದ ಏಳಲಾರದವನಿಗೆ ನಿರಾಕರಿಸುವಾಗ ಭದ್ರತೆಯ ಕಾರಣ ಉಳಿಯುವುದಿಲ್ಲ, ಸೇಡು ಮಾತ್ರ ಉಳಿಯುತ್ತದೆ. ಏಮ್ಸ್‌ನಂಥ ಸಂಸ್ಥೆಯ ವೈದ್ಯರ ಮಂಡಳಿ ವರದಿ ಕೊಡಲಿ, ಸಂತ್ರಸ್ತರ ಅಹವಾಲು ಕೇಳಲಿ, ಬೇಡವೆಂದರೆ ಏಕೆ ಬೇಡ ಎಂದು ಕಾರಣ ಬರೆಯಲಿ. ಇಷ್ಟನ್ನೂ ವಾರಗಳಲ್ಲಿ ಮುಗಿಸಬೇಕು, ಏಕೆಂದರೆ ಇಂಥ ಅರ್ಜಿದಾರನಿಗೆ ವರ್ಷಗಳಿರುವುದಿಲ್ಲ.

ಇನ್ನೊಂದು ಅಂಶವನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ತೀರ್ಪೇ ತಪ್ಪಾಗಿದ್ದರೆ? ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ, ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಜಿ.ಎನ್. ಸಾಯಿಬಾಬಾ ಅವರಿಗೆ ಯುಎಪಿಎ ಅಡಿ 2017ರಲ್ಲಿ ಜೀವಾವಧಿ ಶಿಕ್ಷೆಯಾಗಿತ್ತು. 2020ರಲ್ಲಿ ತಾಯಿ ತೀರಿಕೊಂಡಾಗಲೂ ಪರೋಲ್ ಸಿಗಲಿಲ್ಲ. ಬಾಂಬೆ ಹೈಕೋರ್ಟ್ 2024ರ ಮಾರ್ಚ್ 5ರಂದು ಖುಲಾಸೆ ಮಾಡಿತು, ಅದೇ ಅಕ್ಟೋಬರ್ 12ರಂದು ಅವರು ನಿಧನರಾದರು. ಅದೇ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಪಾಂಡು ನರೋಟೆ ಕಾಯಿಲೆಯಿಂದ ಸತ್ತಿದ್ದು 2022ರ ಆಗಸ್ಟ್‌ನಲ್ಲಿ, ಕೈದಿಯಾಗಿಯೇ. ಹೈಕೋರ್ಟ್‌ನ ಮೊದಲ ಖುಲಾಸೆ ತೀರ್ಪು ಬಂದಿದ್ದು ಅಕ್ಟೋಬರ್‌ನಲ್ಲಿ.